ರಾಮನಿಗೆ ಮೂರು ಆಯ್ಕೆ

ಮಳೆ ಹಿಡಿಯಿತೆಂದರೆ ನಮ್ಮ ಕಡೆ ಗಂಡಸರಿಗೆ ಎರಡೇ ಕೆಲಸ. ಹಗಲು ಮಳೆ ಹೊಳವಾದಾಗ ಅಡಿಕೆ ಕೊನೆಗೆ ಮೈಲುತುತ್ತ-ಸುಣ್ಣದ ಮದ್ದು ಹೊಡೆಸುವುದು, ರಾತ್ರಿ ತಾಳಮದ್ದಳೆಗೆ ಕೂರುವುದು. ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿ ಮನೆ ಸೇರಿರುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಎದುರುಬದುರು ಕೂತವರು ಅರ್ಥ ಹೇಳುತ್ತಾರೆ. ಪದ್ಯ ಪ್ರಸಂಗದ ಪುಸ್ತಕದಲ್ಲಿದೆ. ಅರ್ಥ ಎಲ್ಲಿಯೂ ಬರೆದಿಲ್ಲ. ಅದು ಆ ಹೊತ್ತಿಗೆ ಹುಟ್ಟಬೇಕು. ಹುಟ್ಟದಿದ್ದರೆ ಒಂದು ಎಲೆಯಡಿಕೆಯ ಕವಳ ಹಾಕಬೇಕು.

ಹೀಗೆ ಎಲ್ಲಿಯೂ ಬರೆಯದೇ ಇರುವುದು ಒಂದು ಸಮಸ್ಯೆ ಎಂದು ಬೆಂಗಳೂರಿನಲ್ಲಿ ಯಾರಿಗೋ ಹೊಳೆದಿದೆ. ಸಮಸ್ಯೆ ಹೊಳೆದ ಮೇಲೆ ಆ್ಯಪ್ ಬರುವುದಕ್ಕೆ ತಡವೇನು? ಆಷಾಢದ ಒಂದು ಬೆಳಿಗ್ಗೆ ತಂಡವೊಂದು ಶಿರಸಿಯಿಂದ ಹುಲೇಕಲ್ ರಸ್ತೆ ಹಿಡಿದು, ಎರಡು ಕಡೆ ಕೆಸರಲ್ಲಿ ಹುಗಿದು, ಎರಡು ಕಡೆ ನಮ್ಮವರಿಂದಲೇ ನೂಕಿಸಿಕೊಂಡು ಊರಿನ ಶಾಲೆಗೆ ಬಂದು ಮುಟ್ಟಿತು. ಐದು ಜನ, ಏಳು ಲ್ಯಾಪ್‌ಟಾಪ್, ಒಂದು ಬ್ಯಾನರ್. ಯಾವ ಇಲಾಖೆಯ ಅನುದಾನ ಎಂದು ಕೇಳಬೇಡಿ. ಕೇಳಿದರೆ ಅದಕ್ಕೂ ಒಂದು ಕಾರ್ಯಾಗಾರ ಮಾಡಿಯಾರು.

ಬ್ಯಾನರಿನ ಮೇಲೆ ಹೀಗಿತ್ತು: ‘ಮಾನವ ಸ್ರುಜನಶಿಲತೆಗೆ ತಂತ್ರಾಂಶದ ನೆರವು’. ಸಕಾರದ ಕೆಳಗಿನ ವಟ್ರಸುಳಿಯೂ ಶಕಾರದ ದೀರ್ಘವೂ ದಾರಿಯಲ್ಲಿ ಎಲ್ಲೋ ಇಳಿದುಹೋಗಿದ್ದವು. ಹಳೆಯ ಫಾಂಟಿನಲ್ಲಿ ಬರೆದದ್ದನ್ನು ಯೂನಿಕೋಡಿನ ಕಂಪ್ಯೂಟರಿಗೆ ಕಳಿಸಿದರೆ ಕನ್ನಡವೆಲ್ಲ ಮಾಯವಾಗಿ, ತಲೆಯ ಮೇಲೆ ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳ ಹಿಂಡು ನುಗ್ಗುವುದು ನಿಮಗೂ ಗೊತ್ತಿರಬಹುದು. ಆ ಹಿಂಡು ಕಂಡ ಪ್ರೆಸ್ಸಿನ ಹುಡುಗ ಫೋನಿನಲ್ಲಿ ಕೇಳಿಕೊಂಡು ಟೈಪ್ ಮಾಡಿದ್ದನಂತೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಮೂವತ್ತು ವರ್ಷ ದಾಟಿದರೂ ಒಂದು ವಟ್ರಸುಳಿ ಬೆಂಗಳೂರಿನಿಂದ ಶಿರಸಿಗೆ ಸುರಕ್ಷಿತವಾಗಿ ಬಂದು ತಲುಪುವುದಿಲ್ಲ. ಸೃಜನಶೀಲತೆ ಮಾತ್ರ ತಲುಪುತ್ತದೆ.

ಮೊದಲ ಕಾರ್ಯಕ್ರಮ, ಗೋಡೆಗೆ ಹಳದಿ ಚೀಟಿ ಅಂಟಿಸುವುದು. ‘ನಿಮಗೆ ಅರ್ಥ ಹೇಳುವಾಗ ಆಗುವ ಕಷ್ಟಗಳನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ’ ಅಂದರು. ನಮ್ಮವರು ಬರೆದರು: ‘ಕರೆಂಟು’, ‘ಸೊಳ್ಳೆ’, ‘ಭಾಗವತರ ಕೆಮ್ಮು’. ಆಷಾಢದ ಶಾಲೆಯ ಗೋಡೆ ಅಂದರೆ ನೆಂದ ದೋಸೆಹಿಟ್ಟಿನ ಹಾಗೆ. ಅಂಟಿಸಿದ ಚೀಟಿ ಎರಡು ನಿಮಿಷಕ್ಕೆ ಮೂಲೆ ಮಡಚಿ, ಮೂರನೆಯದಕ್ಕೆ ಉದುರಿ, ಹೊಸ್ತಿಲಲ್ಲಿ ಹರಿಯುತ್ತಿದ್ದ ನೀರಲ್ಲಿ ಸೇರಿ ತೋಟದ ಕಡೆ ಹೊರಟಿತು. ಕಾಫಿ ತಂದಿದ್ದ ದೊಡ್ಡಮ್ಮ ನಿಂತು ನೋಡಿ, ‘ಹಲಸಿನ ಮೇಣ ತಂದ್ಕೊಡ್ಲಾ ಮಾಣಿ? ಒಂದ್ಸಲ ಹಿಡದ್ರೆ ಬಿಡ್ತಿಲ್ಲೆ’ ಅಂದಳು. ಇಡೀ ದಿನದಲ್ಲಿ ಅಲ್ಲಿ ಹುಟ್ಟಿದ ಮೊದಲ ಸೃಜನಶೀಲ ಸಲಹೆ ಅದು. ಯಾರೂ ಚೀಟಿಯಲ್ಲಿ ಬರೆದುಕೊಳ್ಳಲಿಲ್ಲ.

ಆಮೇಲೆ ಪರದೆಯ ಮೇಲೆ ಒಬ್ಬ ರೈತನ ಚಿತ್ರ ಬಂತು. ವಯಸ್ಸು 45, ಎರಡು ಎಕರೆ ಅಡಿಕೆ, ‘ಸೃಜನಶೀಲನಾಗುವ ಹಂಬಲವಿದೆ, ಸಮಯವಿಲ್ಲ’. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. ‘ಇಂವ ಯಾರ ಮನೆಯವ?’

‘ಇವರು ಕಾಲ್ಪನಿಕ ಸರ್. ನಮ್ಮ ಬಳಕೆದಾರರ ಮಾದರಿ. ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಆ್ಯಪ್ ಮಾಡಿದ್ದೇವೆ.’

‘ಹಾಂಗಾದ್ರೆ ಅವನ ಹತ್ರನೇ ಕೇಳ್ಬಹುದಿತ್ತಲಾ ಮಾರಾಯ. ಎಂಗ್ಳ ಮದ್ದು ಹೊಡಿಯ ಕೆಲಸ ಎಂತಕ್ಕೆ ತಪ್ಪಿಸಿದ್ದು?’

ತಂಡದ ಆ ಹುಡುಗ ಓದಿಕೊಂಡವನೇ, ಅದನ್ನು ಒಪ್ಪಬೇಕು. 1963ರಲ್ಲಿ ಐವನ್ ಸದರ್ಲೆಂಡ್ ಎನ್ನುವವನು ಬೆಳಕಿನ ಲೇಖನಿಯಿಂದ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎಳೆದದ್ದು, 1968ರಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಮೌಸ್ ಹಿಡಿದು ತುಂಬಿದ ಸಭೆಯೆದುರು ತೋರಿಸಿದ್ದು, ಎಲ್ಲ ಹೇಳಿದ. ಒಳ್ಳೆಯ ಉಪಕರಣಕ್ಕೆ ಹೊಸ್ತಿಲು ತಗ್ಗಿರಬೇಕು, ಸೂರು ಎತ್ತರವಿರಬೇಕು ಎಂದು ಸೀಮರ್ ಪೇಪರ್ಟ್ ಹೇಳುತ್ತಿದ್ದನಂತೆ. ಗೋಡೆಗಳೂ ದೂರದೂರ ಇರಬೇಕು ಎಂದು ಅವನ ಶಿಷ್ಯ ಮಿಚೆಲ್ ರೆಸ್ನಿಕ್ ಸೇರಿಸಿದನಂತೆ. ಹೊಸಬ ಎಡವದೆ ಒಳಗೆ ಬರಬೇಕು, ಪಳಗಿದವನ ತಲೆ ತಾಗಬಾರದು, ಒಬ್ಬೊಬ್ಬ ಒಂದೊಂದು ಕಡೆ ತಿರುಗಾಡಬೇಕು. ಬಹಳ ಚೆಂದದ ಮಾತು. ನಮ್ಮ ಹಳೇ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ಮದುವೆಯಾಗಿ ಬಂದ ಅಳಿಯಂದಿರ ಹಣೆಯೇ ಸಾಕ್ಷಿ. ಆದ್ದರಿಂದ ಆ ಮಾತು ನಮಗೆ ಬೇಗ ಹಿಡಿಸಿತು.

ಆಮೇಲೆ ಆ್ಯಪ್ ತೆರೆದೆವು. ಹೊಸ್ತಿಲಲ್ಲೇ ಒಟಿಪಿ.

ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ಗುಡ್ಡದ ತಲೆಯಲ್ಲಿ, ಮುರುಗಲು ಮರದ ಬುಡದಲ್ಲಿ, ಅದೂ ಬಡಗಣಕ್ಕೆ ಮುಖ ಮಾಡಿ ನಿಂತರೆ. ಹನ್ನೊಂದು ಜನ ಕೊಡೆ ಹಿಡಿದು ಗುಡ್ಡ ಹತ್ತಿದೆವು. ಒಟಿಪಿ ಬಂತು. ಅದನ್ನು ಬಾಯಿಪಾಠ ಮಾಡಿಕೊಂಡು ಇಳಿಯುವಷ್ಟರಲ್ಲಿ ಅವಧಿ ಮುಗಿಯಿತು. ಇಷ್ಟು ತಗ್ಗಿನ ಹೊಸ್ತಿಲನ್ನು ನಾನು ಬೇರೆಲ್ಲೂ ಹತ್ತಿದ್ದಿಲ್ಲ.

ಅಂತೂ ಮಧ್ಯಾಹ್ನದ ಹೊತ್ತಿಗೆ ತಂಡದವರದೇ ಫೋನಿನಲ್ಲಿ ಪ್ರದರ್ಶನ ಶುರುವಾಯಿತು. ಪ್ರಸಂಗ ವಾಲಿವಧೆ. ದೊಡ್ಡಪ್ಪ ನಲವತ್ತು ವರ್ಷಗಳಿಂದ ವಾಲಿಯಾಗಿ ಸಾಯುತ್ತ ಬಂದವರು. ಬಾಣ ತಾಗಿದ ಮೇಲೆ ಅವರಿಗೆ ಮಾತು ಕಳೆಕಟ್ಟುವುದು. ಗಂಟಲು ಸರಿಮಾಡಿಕೊಂಡು ಫೋನಿನ ಮುಂದೆ ಕೂತರು. ‘ಎಲೈ ರಾಮ, ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ! ಎದುರು ಬಂದಿದ್ದರೆ ನಿನ್ನ ಬಿಲ್ಲಿಗೂ ಒಂದು ಮರ್ಯಾದೆ ಇರುತ್ತಿತ್ತು.’

ಯಂತ್ರ ಒಂದು ಕ್ಷಣ ಗಿರಗಿರ ತಿರುಗಿತು. ಆಮೇಲೆ ರಾಮನ ಬಾಯಿಗೆ ಮೂರು ಆಯ್ಕೆ ಕೊಟ್ಟಿತು. ಒಂದು: ‘ತಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ. ದಯವಿಟ್ಟು ಬಿಲ್ಲಿನ ಸಂಖ್ಯೆ ತಿಳಿಸಿ.’ ಎರಡು: ‘ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಈ ಪಯಣದಲ್ಲಿ ನೀವು ಒಂಟಿಯಲ್ಲ.’ ಮೂರು: ‘ಬಾಣ ಪ್ರಯೋಗದ ಐದು ಪ್ರಮುಖ ಪ್ರಯೋಜನಗಳು.’

ಈ ಜಾಗದಲ್ಲಿ ನಮ್ಮವರು ಎಂತ ಮಾಡುತ್ತಾರೆ ಎಂದು ಸ್ವಲ್ಪ ಹೇಳಬೇಕು. ರಾಮ ಹೇಳುತ್ತಾನೆ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ದಂಡನೆಗೆ ಯೋಗ್ಯ. ಮತ್ತೆ ನೀನು ಕಪಿ, ಮೃಗವನ್ನು ಮರೆಯಿಂದ ಹೊಡೆಯುವುದು ಕ್ಷತ್ರಿಯರ ಬೇಟೆ. ಒಳ್ಳೆಯ ವಾಲಿ ಅಲ್ಲೇ ಹಿಡಿಯುತ್ತಾನೆ: ನಾನು ಮೃಗವಾದರೆ ನನಗೆಲ್ಲಿಯ ಹೆಂಡತಿ, ಎಲ್ಲಿಯ ಧರ್ಮಶಾಸ್ತ್ರ? ಧರ್ಮಶಾಸ್ತ್ರ ನನಗೂ ಉಂಟೆಂದಾದರೆ ಮರದ ಮರೆ ಎಂತಕ್ಕೆ? ಎರಡರಲ್ಲಿ ಒಂದು ಹೇಳು. ಈಗ ರಾಮ ಸಿಕ್ಕಿಬಿದ್ದ. ಸಭೆ ಉಸಿರು ಹಿಡಿಯುತ್ತದೆ. ಭಾಗವತರು ಬೇಕೆಂದೇ ಮುಂದಿನ ಪದ್ಯ ಎತ್ತುವುದಿಲ್ಲ, ಮದ್ದಳೆಯವ ಬೆರಳು ಎತ್ತಿ ಹಾಗೇ ಹಿಡಿದಿರುತ್ತಾನೆ. ರಾಮನಾದವ ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚುತ್ತಾನೆ. ಆ ಸುಣ್ಣ ಒಣಗುವುದರೊಳಗೆ ಏನಾದರೂ ಹುಟ್ಟಬೇಕು. ಎಷ್ಟೋ ಸಲ ಹುಟ್ಟುತ್ತದೆ, ಕೆಲವು ಸಲ ಇಲ್ಲ. ಹುಟ್ಟದ ದಿನದ ಕತೆಯನ್ನೂ ಜನ ಹತ್ತು ವರ್ಷ ಹೇಳುತ್ತಾರೆ.

ಅದೇ ಅಭ್ಯಾಸದಿಂದ ದೊಡ್ಡಪ್ಪ ಫೋನಿನ ಮುಂದೆಯೂ ಕವಳಕ್ಕೆ ಕೈಹಾಕಿ ಸುಮ್ಮನಾದರು. ಹನ್ನೆರಡು ಸೆಕೆಂಡಿಗೆ ಪರದೆ ಕಪ್ಪಾಗಿ ಒಂದು ಸಾಲು ಮೂಡಿತು: ‘ನೀವು ಇನ್ನೂ ಇದ್ದೀರಾ?’

ಎದೆಯಲ್ಲಿ ಬಾಣ ಹೊತ್ತವನಿಗೆ ಕೇಳುವ ಪ್ರಶ್ನೆಯೇ ಅದು!

ಮಾತು ನಿಲ್ಲಿಸಿದ್ದಕ್ಕೆ ದಂಡ ಕಳೆದು ದೊಡ್ಡಪ್ಪನ ‘ಸೃಜನಶೀಲತಾ ಅಂಕ’ ನೂರಕ್ಕೆ 34 ಬಂತು. ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗ ‘ಮಳೆ’ ಎಂದು ಟೈಪ್ ಮಾಡಿ ‘ಮುಂದುವರಿಸು’ ಗುಂಡಿಯನ್ನು ಐದು ಸಲ ಒತ್ತಿದ್ದ. ಅವನಿಗೆ 91. ಆ ಕವನದಲ್ಲಿ ಮಳೆ ‘ಕನಸುಗಳ ಮುತ್ತಿನ ಹನಿ’ಯಾಗಿತ್ತು. ಹೊರಗೆ ಅದೇ ಮಳೆ ಶಾಲೆಯ ಅಂಗಳದ ದರೆ ಕುಸಿಯುವಂತೆ ಹೊಡೆಯುತ್ತಿತ್ತು. ತಿಂಗಳಿಗೆ 99 ರೂಪಾಯಿ ಕೊಟ್ಟರೆ ಸ್ಫೂರ್ತಿಗೆಂದು ಕಾರವಾರದ ಕಡಲಿನ ಸದ್ದನ್ನೂ ಆ್ಯಪ್ ಕೇಳಿಸುತ್ತದಂತೆ. ಯುವಕ ರವೀಂದ್ರನಾಥ ಟ್ಯಾಗೋರರು ಕಾರವಾರದ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದು, ಆ ಕಡಲ ದಂಡೆಯಲ್ಲಿ ಓಡಾಡಿ ಒಂದು ಪದ್ಯನಾಟಕ ಬರೆದರು. ಪಾಪ, ಅವರಿಗೆ ಅಲೆಯ ಸದ್ದು ಬಿಟ್ಟಿಯಾಗಿ ಸಿಕ್ಕಿತ್ತು.

ತಿದ್ದುಪಡಿಯ ಅಧ್ಯಾಯ ಬೇರೆಯೇ ಇದೆ. ಹವ್ಯಕರ ಮಾತಿನಲ್ಲಿ ‘ಅಪ್ಪ ಬೈಂದ’ ಅಂದರೆ ಅಪ್ಪ ಬಂದಿದ್ದಾನೆ ಎಂದು. ಯಂತ್ರ ಅದನ್ನು ‘ಅಪ್ಪ ಬೈದ’ ಎಂದು ತಿದ್ದಿತು. ಹುಡುಗಿಯೊಬ್ಬಳು ಬರೆದ ಪುಟ್ಟ ಕತೆಯಲ್ಲಿ ಅಪ್ಪ ಆರು ಸಲ ಮನೆಗೆ ಬರುತ್ತಾನೆ, ಮಗಳಿಗೆ ಪ್ರತಿಸಲ ಖುಷಿ. ತಿದ್ದಿದ ಮೇಲೆ ಅದು ಬೇರೆ ಯಾವುದೋ ಸಂಸಾರದ ಕತೆಯಾಯಿತು. ತಂಡದವರು ಓದಿ, ‘ತುಂಬ ಡಾರ್ಕ್ ಆಗಿದೆ, ಚೆನ್ನಾಗಿದೆ’ ಅಂದರು.

ಇಷ್ಟೆಲ್ಲ ಹೇಳಿದೆ ಎಂದು ನಾನು ಯಂತ್ರದ ವೈರಿಯಲ್ಲ. ಇದನ್ನು ಟೈಪ್ ಮಾಡುತ್ತಿರುವುದೇ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ಇಂಗ್ಲಿಷಿನ ಅವೇ 26 ಕೀಲಿಗಳು. ಅಕ್ಷರಕ್ಕೆ ಅಕ್ಷರ ಕೂಡಿಸಲು ನಡುವೆ ‘ಎಫ್’ ಒತ್ತಿದರೆ ಆಯಿತು. ‘ಸ್ತ್ರೀ’ ಬರೆಯಲು ಆರು ಸಲ ಬೆರಳು ಇಳಿಯಬೇಕು. ಬ್ಯಾಕ್‌ಸ್ಪೇಸ್ ಒತ್ತಿದರೆ ಬಾಳೆಯ ಪಟ್ಟೆ ಸುಲಿದ ಹಾಗೆ ಒಂದೊಂದೇ ಪದರ ಕಳಚಿ ಕೊನೆಗೆ ಬರೀ ಸಕಾರ ಉಳಿಯುತ್ತದೆ. ಮೊದಮೊದಲು ಕಿರಿಕಿರಿ ಆಗಿತ್ತು. ಈಗ ಹಾಗೆ ಕಳಚುವಾಗಲೇ ಎಷ್ಟೋ ಸಲ ಬೇರೆ ಶಬ್ದ ಹೊಳೆದಿದೆ. ಆ ಕೀಲಿಮಣೆ ಒಂದು ದಿನವೂ ‘ನೀವು ಪತ್ರ ಬರೆಯುತ್ತಿರುವಂತಿದೆ’ ಎಂದು ಹಲ್ಲುಕಿರಿದಿಲ್ಲ. ಹಾಗೆ ಹಲ್ಲುಕಿರಿಯುತ್ತಿದ್ದ ಮೈಕ್ರೋಸಾಫ್ಟ್ ಆಫೀಸ್ 97ರ ಪೇಪರ್‌ಕ್ಲಿಪ್ಪನ್ನು ಜನ ಬೈದು ಬೈದು, 2007ರ ಆವೃತ್ತಿಯಲ್ಲಿ ಅದನ್ನು ಮನೆಗೆ ಕಳಿಸಿದರು. ಈಗ ನೋಡಿದರೆ ಅದರ ಮರಿಮಕ್ಕಳೆಲ್ಲ ಕೆಲಸಕ್ಕೆ ಸೇರಿದ್ದಾವೆ.

ನಮಗೆ ಬೇಕಾದದ್ದು ಒಂದು ದೋಟಿ. ಕೈಗೆಟುಕದ ಅಪ್ಪೆಮಿಡಿ ಎಟುಕಿದರೆ ಸಾಕು. ಇವರು ತಂದದ್ದು ಮಿಡಿಯನ್ನು ತಾನೇ ಕೊಯ್ದು, ತಾನೇ ಉಪ್ಪಿನಕಾಯಿ ಹಾಕಿ, ಅರ್ಧ ತಾನೇ ತಿಂದು, ‘ಇಷ್ಟವಾಯಿತೇ? ಐದು ನಕ್ಷತ್ರ ಕೊಡಿ’ ಎನ್ನುವ ದೋಟಿ.

ರಾತ್ರಿ ಶಾಲೆಯಲ್ಲೇ ತಾಳಮದ್ದಳೆ ಇತ್ತು. ತಂಡದವರನ್ನು ಊಟಕ್ಕೆ ನಿಲ್ಲಿಸಿಕೊಂಡಿದ್ದೆವು, ಕೂತರು. ಒಂಬತ್ತಕ್ಕೆ ಕರೆಂಟು ಹೋಯಿತು, ಗ್ಯಾಸ್‌ಲೈಟು ಬಂತು. ವಾಲಿ ದೊಡ್ಡಪ್ಪ, ರಾಮ ನಮ್ಮ ಕನ್ನಡ ಮಾಸ್ತರು. ಬಾಣ ತಾಗಿತು. ದೊಡ್ಡಪ್ಪ ಎದೆ ಹಿಡಿದುಕೊಂಡು, ಬಹಳ ನಿಧಾನಕ್ಕೆ ಹೇಳಿದರು: ‘ರಾಮ, ಮರೆಯಲ್ಲಿ ನಿಂತು ಹೊಡೆ ಎನ್ನುವ ಬುದ್ಧಿ ನಿನ್ನದೋ, ಯಾರಾದರೂ ಹೇಳಿಕೊಟ್ಟದ್ದೋ? ನಿನಗೆ ಮೂರು ಆಯ್ಕೆ ಇದ್ದವಂತೆ. ನೀನು ಒತ್ತಿದ್ದು ಎಷ್ಟನೆಯದನ್ನು?’

ಸಭೆ ಹೋ ಎಂದಿತು. ಮಾಸ್ತರು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು. ಆಮೇಲೆ ತಲೆ ಎತ್ತಿ, ‘ವಾನರೇಂದ್ರ, ಆಯ್ಕೆ ಇದ್ದದ್ದು ನಿನಗೆ. ತಮ್ಮನನ್ನು ಊರಿಂದ ಅಟ್ಟಿದ ದಿನವೇ ಅದರ ಅವಧಿ ಮುಗಿದಿದೆ’ ಅಂದರು. ಮದ್ದಳೆಯವ ತಡೆಯಲಾರದೆ ಒಂದು ಪೆಟ್ಟು ಹಾಕಿಯೇ ಬಿಟ್ಟ.

ಬೆಳಿಗ್ಗೆ ಹೊರಡುವ ಮೊದಲು ತಂಡದವರು ಅಭಿಪ್ರಾಯದ ನಮೂನೆ ತೆರೆದು ಕೊಟ್ಟರು. ಒಂದೇ ಪ್ರಶ್ನೆ: ‘ನಮ್ಮ ಉಪಕರಣದಿಂದ ನಿಮ್ಮ ಸೃಜನಶೀಲತೆಗೆ ನೆರವಾಯಿತೇ?’ ದೊಡ್ಡಪ್ಪ ಸುಳ್ಳು ಹೇಳುವವರಲ್ಲ. ‘ಹೌದು’ ಒತ್ತಿದರು.

ಒತ್ತಿದ ಕೂಡಲೇ ಖಚಿತಪಡಿಸಲು ಒಟಿಪಿ ಬೇಕು ಎಂದು ಬಂತು. ಕಂಬಳಿಕೊಪ್ಪೆ ಸೂಡಿಕೊಂಡು ಗುಡ್ಡ ಹತ್ತಿದ್ದಾರೆ. ಜೀಪು ಚಾಲೂ ಇಟ್ಟುಕೊಂಡು ಐದು ಜನ ಕೆಳಗೆ ಕಾಯುತ್ತಿದ್ದಾರೆ, ದೊಡ್ಡಮ್ಮ ಅವರಿಗೆ ಮೂರನೆಯ ಸಲ ಕಾಫಿ ಕೊಡುತ್ತಿದ್ದಾಳೆ.