ಉಪ್ಪಿಗೂ ಒಂದು ವಂಶಾವಳಿ

ಉಪ್ಪಿನ ಪೊಟ್ಟಣದ ಮೇಲೂ ‘ಕುಲಾಂತರಿ ಅಲ್ಲ’, ಅಂದರೆ ಜೀನ್ ತಿದ್ದಿದ ಪದಾರ್ಥವಲ್ಲ, ಎಂದು ಅಚ್ಚು ಹಾಕಿ ಮಾರುತ್ತಾರೆ. ಎಂಥ ಪ್ರಾಮಾಣಿಕತೆ ನೋಡಿ! ಉಪ್ಪಿಗೆ ಜೀವವಿಲ್ಲ, ಜೀನೂ ಇಲ್ಲ. ಅಪ್ಪ ಸೋಡಿಯಂ, ಅಮ್ಮ ಕ್ಲೋರಿನ್, ಇಬ್ಬರಿಗೂ ಗೋತ್ರವಿಲ್ಲ. ಇಲ್ಲದ ಜೀನನ್ನು ನಾವು ಮುಟ್ಟಿಲ್ಲ ಎಂದು ಆಣೆ ಇಡುವ ಕಂಪನಿಗಳಿಗೆ ಕೈ ಮುಗಿಯಲೇಬೇಕು.

ಜೀನ್ ಇರುವ ಕಡೆ ಮಾತ್ರ ಲೇಬಲ್‌ಗೆ ವಿಪರೀತ ನಾಚಿಕೆ. ಅಮೆರಿಕದಲ್ಲಿ 2022ರ ಜನವರಿಯಿಂದ ಕುಲಾಂತರಿ ಆಹಾರಕ್ಕೆ ಲೇಬಲ್ ಕಡ್ಡಾಯ. ಅದಕ್ಕೆಂದೇ ಸೂರ್ಯ, ಹಸಿರು ಹೊಲ ಇರುವ ಮುದ್ದಾದ ಗುರುತೂ ಇದೆ. ಆದರೆ ಕುಲಾಂತರಿ ಸೋಯಾದ ಎಣ್ಣೆಯನ್ನು ಚೆನ್ನಾಗಿ ಶುದ್ಧ ಮಾಡಿದ ಮೇಲೆ ಪರೀಕ್ಷೆಯಲ್ಲಿ ಬದಲಾದ ಜೀನ್ ಸಿಗದಿದ್ದರೆ, ಹೇಳಬೇಕಾಗಿಲ್ಲ ಎಂದು ಆಗ ನಿಯಮ ಮಾಡಿದರು. ಯುರೋಪಿನಲ್ಲಿ ಉಲ್ಟಾ. ಅದೇ ಎಣ್ಣೆಗೆ ಲೇಬಲ್ ಬೇಕೇ ಬೇಕು. ಆದರೆ ಅದೇ ಸೋಯಾ ತಿಂದ ಹಸುವಿನ ಹಾಲಿಗೆ ಬೇಡ! ಹಸುವಿನ ಹೊಟ್ಟೆಗೆ ಹೋಗಿ ಬಂದರೆ ಎಲ್ಲ ಪಾಪವೂ ಪರಿಹಾರ.

ಹಾಲೆಂದ ಕೂಡಲೇ ಚೀಸ್ ನೆನಪಾಯಿತು. ಹಿಂದೆ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬೇಕಿತ್ತು. ಈಗ ಕರುವಿನ ಜೀನನ್ನು ಸೂಕ್ಷ್ಮಜೀವಿಗೆ ಸೇರಿಸಿ ಕಿಣ್ವ ತಯಾರಿಸುತ್ತಾರೆ. ಅಮೆರಿಕ ಇದಕ್ಕೆ 1990ರಲ್ಲೇ ಒಪ್ಪಿಗೆ ಕೊಟ್ಟಿತು. ಕರುಗಳು ಬದುಕಿಕೊಂಡವು, ಒಳ್ಳೆಯದೇ ಆಯಿತು. ಇಂಥ ಚೀಸ್ ‘ಸಸ್ಯಾಹಾರಿ’ ಎಂಬ ಹೆಮ್ಮೆಯ ಹೆಸರಲ್ಲೂ ಮಾರಾಟವಾಗುತ್ತದೆ. ಜೀನಿನ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕುಲಾಂತರಿ ವಿರುದ್ಧ ಘೋಷಣೆ ಕೂಗಿ ಬಂದು ಪಿಜ್ಜಾ ತಿಂದವರನ್ನು ನೆನೆದರೆ ಸುಮ್ನೆ ನಗು ಬರುತ್ತದೆ.

ಇನ್ನು ಕುಲಾಂತರಿ ಕಾಳು ಬೇರೆ ಕಾಳಿನ ಜೊತೆ ಅಕಸ್ಮಾತ್ ಬೆರೆತುಹೋದರೆ? ಯುರೋಪಿನಲ್ಲಿ ಶೇ 0.9ರವರೆಗೆ ಲೇಬಲ್ ಮಾಫಿ. ಆಸ್ಟ್ರೇಲಿಯಾದಲ್ಲಿ ಶೇ 1. ಅಮೆರಿಕದಲ್ಲಿ ಶೇ 5. ಹಡಗು ಹತ್ತಿ ಇಳಿಯುವುದರೊಳಗೆ ಒಂದೇ ಮೂಟೆ ಕಾಳಿನ ಜಾತಕ ಬದಲು!

ಇದು ವಿಷ ಎಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರ ತಿಂದು ಜನರ ಆರೋಗ್ಯ ಕೆಟ್ಟಿದ್ದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅಷ್ಟು ಧೈರ್ಯ ಇದ್ದ ಮೇಲೆ ನೇರವಾಗಿ ಬರೆಯಲು ಏನು ಕಷ್ಟ? ಇಲ್ಲ, ಪೊಟ್ಟಣದ ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಒತ್ತಿದರೂ ನಡೆಯುತ್ತದೆ ಎಂದು ಅಮೆರಿಕದಲ್ಲಿ ನಿಯಮ ಮಾಡಿದರು. ಮೊಬೈಲ್ ತೆಗೆಯಿರಿ, ಸ್ಕ್ಯಾನ್ ಮಾಡಿ, ನೆಟ್‌ವರ್ಕ್ ಬರುವವರೆಗೆ ಕಾಯಿರಿ. ದುಡ್ಡು ಕೊಡುವವರು ನಾವು, ತಿನ್ನುವವರೂ ನಾವು. ಒಳಗೇನಿದೆ ಎಂದು ಪತ್ತೆ ಮಾಡುವ ಕೆಲಸವೂ ನಮ್ಮದೇ ಅಂದರೆ ಸಾಕಾಗಿ ಹೋಗಿದೆ ಕಣ್ರೀ.