ಥರ್ಮೋಪಿಲೇಲಿ ಇದ್ದಿದ್ದು ಬರೀ 300 ಜನಾನಾ?

ವಾಟ್ಸಾಪಲ್ಲಿ ಮತ್ತೆ ಅದೇ ಫಾರ್ವರ್ಡ್ ಬಂತು, ಗ್ರೀಸಿನ ಥರ್ಮೋಪಿಲೇ ಅನ್ನೋ ಕಡೆ ಸ್ಪಾರ್ಟಾ ಅನ್ನೋ ಗ್ರೀಕ್ ಊರಿನ ಬರೀ 300 ಜನ 10 ಲಕ್ಷ ಪರ್ಷಿಯನ್ನರನ್ನ ತಡೆದ್ರು ಅಂತ. ಹಂಗಲ್ಲ ಅದು. ಕ್ರಿ.ಪೂ. 480ರಲ್ಲಿ ಬೆಟ್ಟಕ್ಕೂ ಸಮುದ್ರಕ್ಕೂ ನಡುವಿನ ಆ ಇಕ್ಕಟ್ಟು ದಾರೀಲಿ ಸ್ಪಾರ್ಟಾದ ರಾಜ ಲಿಯೋನಿಡಾಸ್ ಜೊತೆ ಬೇರೆಬೇರೆ ಗ್ರೀಕ್ ಊರಿನವ್ರೆಲ್ಲ ಸೇರಿ ಸುಮಾರು 7,000 ಜನ ಇದ್ರು, ಎರಡು ದಿನ ಸರದಿ ಮೇಲೆ ಕಾದಾಡಿದ್ರು, ಮೂರನೇ ದಿನ ಶತ್ರು ಬೆಟ್ಟದ ಕಾಲುದಾರಿ ಹಿಡಿದು ಹಿಂದ್ಗಡೆಯಿಂದ ಬರ್ತಿದಾನೆ ಅಂತ ಗೊತ್ತಾದ್ಮೇಲೆ ಹೆಚ್ಚಿನವ್ರು ವಾಪಸ್ ಹೋದ್ರು. ಆಗ್ಲೂ ಸ್ಪಾರ್ಟಾದವ್ರ ಜೊತೆ ಥೆಸ್ಪಿಯಾ ಅನ್ನೋ ಪುಟ್ಟ ಊರಿನ 700 ಜನ, ಥೀಬ್ಸಿನ 400 ಜನ ಉಳಿದಿದ್ರು. ಪಾಪ ಥೆಸ್ಪಿಯಾದವ್ರ ಹೆಸರೇ ಯಾರೂ ಎತ್ತಲ್ಲ. ಪರ್ಷಿಯಾ ಸೈನ್ಯಾನೂ ಇವತ್ತಿನ ಹೆಚ್ಚಿನ ಇತಿಹಾಸಕಾರರ ಅಂದಾಜಲ್ಲಿ 1ರಿಂದ 3 ಲಕ್ಷ ಅಷ್ಟೇ. ತಡೆದಿದ್ದೂ ಮೂರೇ ದಿನ, ಆಮೇಲೆ ಅವ್ರು ಅಥೆನ್ಸ್‌ಗೆ ಹೋಗಿ ಬೆಂಕಿ ಇಟ್ರು.