ಮುಯ್ಯಿ ಬರೆಯುವ ಕೈಗೆ ಕೈಗಡ ಬರೆಯಲು ನಾಚಿಕೆ ಯಾಕೆ?

ಚಿತ್ರದುರ್ಗದ ಕಡೆ ಮದುವೆಗೆ ಹೋದರೆ ಮುಯ್ಯಿ, ಅಂದರೆ ಮುಂದೆ ಅವರ ಮನೆಯ ಮದುವೆಗೆ ತಿರುಗಿ ಹಾಕಬೇಕಾದ ಉಡುಗೊರೆ ಹಣ, ಬರೆಯಲು ನೋಟ್‌ಬುಕ್ ಹಿಡಿದು ಕೂತವರೊಬ್ಬರು ಕಾಣುತ್ತಾರೆ. ಹೆಸರು, ಊರು, ಮೊತ್ತ; 101 ಹಾಕಿದವರದ್ದೂ 501 ಹಾಕಿದವರದ್ದೂ ಎಲ್ಲರೆದುರೇ ಬರೆಯುತ್ತಾರೆ. ಯಾರಿಗೂ ಬೇಸರವಿಲ್ಲ. ಆಳಿಗೆ ಬದಲು ಆಳೆಂದು ಹೊಲದ ಕೆಲಸಕ್ಕೆ ಹೋದ ಮುಯ್ಯಾಳಿನ ದಿನಗಳೂ ಎರಡು ಮನೆಯವರಿಗೆ ಬಾಯಿಪಾಠ. ಇದೇ ಊರಿನವರು ಪರದೇಶದಲ್ಲಿ ಕವಿಯೋ ಚಿತ್ರಕಾರರೋ ಆದಮೇಲೆ ಮಾತ್ರ ‘ನಮ್ಮ ನಮ್ಮಲ್ಲಿ ಎಂಥಾ ಲೆಕ್ಕ ಬಿಡಪ್ಪ’ ಅನ್ನುತ್ತಾರೆ. ಜಗಳದ ಬೀಜ ಬೀಳುವುದು ಅಲ್ಲೇ.

ನಾನಿರುವ ಜರ್ಮನಿಯಲ್ಲಿ ಬಿಲ್ ಕೊಡುವಾಗ ‘ಒಟ್ಟಿಗೋ, ಬೇರೆಬೇರೆಯೋ?’ ಎಂದು ಕೇಳುವುದು ವಾಡಿಕೆ. ನಮ್ಮವರಿಗೆ ಇದು ಜಿಪುಣತನ. ಆದರೆ ಆ ಲೆಕ್ಕ ಆ ರಾತ್ರಿಗೇ ಮುಗಿಯುತ್ತದೆ. ಮುಯ್ಯಿ ಹಾಗಲ್ಲ, ವಾಪಸ್ ಹಾಕುವಾಗ ಒಂದಿಷ್ಟು ಮೇಲೆ ಸೇರಿಸಿ ನಂಟು ಉಳಿಸುತ್ತಾರೆ. ಗೆಳೆತನಕ್ಕೆ ನಮ್ಮದೇ ವಾಸಿ, ಬರೆದಿಟ್ಟರೆ.

ಬರೀ ಒಳ್ಳೆ ಮನಸ್ಸು ಸಾಲದು ಅನ್ನುವುದಕ್ಕೆ 1922ರ ಪ್ಯಾರಿಸ್ ನೋಡಿ. ಅಲ್ಲಿದ್ದ ಅಮೆರಿಕನ್ ಕವಿ ಎಜ್ರಾ ಪೌಂಡ್, ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ದುಡಿಯುತ್ತಿದ್ದ ಗೆಳೆಯ, ಕವಿ ಟಿ. ಎಸ್. ಎಲಿಯಟ್‌ನನ್ನು ಬರೆಯಲೆಂದು ಆ ಕೆಲಸದಿಂದ ಬಿಡಿಸಲು 30 ಜನರಿಂದ ವರ್ಷಕ್ಕೆ ತಲಾ 10 ಪೌಂಡ್ ಎತ್ತಲು ಹೊರಟ. ಸುದ್ದಿ ಪತ್ರಿಕೆಗೆ ಹೋಯಿತು, ಎಲಿಯಟ್ ಮುಜುಗರಪಟ್ಟ, 1925ರವರೆಗೂ ಬ್ಯಾಂಕಿನಲ್ಲೇ ಉಳಿದ. ವಂತಿಗೆ ಎಷ್ಟು ವರ್ಷ ನಿಲ್ಲುತ್ತದೆ ಅನ್ನುವ ಖಾತ್ರಿಯಿಲ್ಲದೆ ಯಾರು ಕೆಲಸ ಬಿಡುತ್ತಾರೆ?

ನಮ್ಮವರಲ್ಲಿ ಕೆಡುವುದು ಕೈಗಡ, ಪಾಲು, ಉಡುಗೊರೆ ಮೂರೂ ಕಲಸಿದಾಗ. ಚಿತ್ರಪ್ರದರ್ಶನಕ್ಕೆ ಒಬ್ಬ ಹಾಲ್ ಬಾಡಿಗೆ ಕಟ್ಟುತ್ತಾನೆ, ಇನ್ನೊಬ್ಬ ಫ್ರೇಮ್ ಹಾಕಿಸುತ್ತಾನೆ. ಚಿತ್ರ ಮಾರಾಟವಾಗದಿದ್ದರೆ ಬಾಡಿಗೆ ಕಟ್ಟಿದವನು ಅದನ್ನು ಸಾಲ ಅನ್ನುತ್ತಾನೆ, ಚಿತ್ರಕಾರ ಪಾಲು ಅನ್ನುತ್ತಾನೆ. ಕೊಡುವ ದಿನವೇ ಮೂರರಲ್ಲಿ ಯಾವುದೆಂದು ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಯೂರೋದಲ್ಲಿ ಕೊಟ್ಟಿದ್ದು ಯೂರೋದಲ್ಲೇ ವಾಪಸೋ, ರೂಪಾಯಿಯಾದರೆ ಕೊಟ್ಟ ದಿನದ ದರವೋ ತೀರಿಸುವ ದಿನದ್ದೋ, ಬ್ಯಾಂಕಿನ ಕಮಿಷನ್ ಯಾರದ್ದು, ಇದೂ ಅದರಲ್ಲಿರಲಿ. ಹಳೇ ಗೆಳೆಯರು ಮಾತು ಬಿಡುವುದು ಅಸಲಿಗಿಂತ ಈ ದರದ ವ್ಯತ್ಯಾಸಕ್ಕೇ ಹೆಚ್ಚು.

ಊರಿನ ಗೆಳೆಯರ ನಡುವೆಯಾದರೆ ಭಾರತದ ಕಾನೂನು ನೆನಪಿರಲಿ. 20,000 ರೂಪಾಯಿ ಮುಟ್ಟಿದ ಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ಬ್ಯಾಂಕಿನ ಮೂಲಕವೇ ಆಗಬೇಕು. ಕೈಗಡದ ದಾವಾ ಹೂಡಲು ಸಾಮಾನ್ಯವಾಗಿ 3 ವರ್ಷ ಗಡುವು. ಅದು ಮುಗಿಯುವುದರೊಳಗೆ ಸಾಲಗಾರ ‘ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಮತ್ತೆ 3 ವರ್ಷ. ಚಿತ್ರಕಾರರಿಗೆ ಇನ್ನೊಂದು: ಗೆಳೆಯ ಹೇಳಿದನೆಂದು ದುಡ್ಡು ತೆಗೆದುಕೊಂಡು ಮುಖಪುಟದ ಚಿತ್ರ ಬರೆದುಕೊಟ್ಟರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರದ ಹಕ್ಕು ಬರೆಸಿದ ಆ ಗೆಳೆಯನದ್ದಾಗುತ್ತದೆ. ಮುಂದೆ ಅದೇ ಚಿತ್ರ ಕ್ಯಾಲೆಂಡರಿನಲ್ಲಿ ಕಂಡಾಗ ಕೂಗಾಡುವ ಬದಲು, ‘ಮುಖಪುಟಕ್ಕೆ ಮಾತ್ರ’ ಎಂದು ರಸೀದಿಯಲ್ಲೇ ಬರೆದು ಸಹಿ ಹಾಕಿಸಿಕೊಂಡಿದ್ದರೆ ಆಗುತ್ತಿತ್ತು.